ಸೌಪರ್ಣಿಕೆಯ ದಂಡೆಯಲ್ಲಿ ಗಾಳದ ಪಾಠ

ಕುಂದಾಪುರದಿಂದ ಬೈಂದೂರಿನ ಬಸ್ಸು ಹತ್ತಿ ತ್ರಾಸಿ ದಾಟಿದರೆ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ. ಮರವಂತೆಯ ಈ ನೋಟಕ್ಕೆ ಮಾರುಹೋಗದ ಪ್ರವಾಸಿಗರಿಲ್ಲ. ಆದರೆ ಹೆಚ್ಚಿನವರು ಇಲ್ಲಿಂದಲೇ ಹಿಂತಿರುಗುತ್ತಾರೆ, ಇಲ್ಲವೇ ನೇರವಾಗಿ ಕೊಲ್ಲೂರಿಗೆ ಹೋಗಿಬಿಡುತ್ತಾರೆ. ಮರವಂತೆಯ ಮುಂದಿನ ಊರಾದ ನಾವುಂದದಲ್ಲಿ ಇಳಿಯುವವರು ಊರಿನವರು ಮಾತ್ರ. ಅಲ್ಲಿ ಇಳಿದು ಹೊಳೆಯ ಬದಿಗೆ ನಡೆದರೆ, ಸಂಜೆಯ ಹೊತ್ತು ದಂಡೆಯ ಮೇಲೆ ನೂಲು ಬಿಟ್ಟು ಮೌನವಾಗಿ ಕುಳಿತವರು ಕಾಣಸಿಗುತ್ತಾರೆ. ವಿಜ್ಞಾನದ ಮೇಷ್ಟ್ರಾದ ನನಗೆ ಅದೊಂದು ಗೋಡೆಗಳಿಲ್ಲದ ಪ್ರಯೋಗಾಲಯ.

ಕೊಡಚಾದ್ರಿಯ ಮಡಿಲಲ್ಲಿ ಹುಟ್ಟಿ ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ ಮರವಂತೆಯಲ್ಲಿ ಕಡಲಿನಿಂದ ಕಲ್ಲೆಸೆತದ ದೂರದಲ್ಲಿರುತ್ತದೆ. ಆದರೂ ಕಡಲು ಸೇರದೆ ದಕ್ಷಿಣಕ್ಕೆ ತಿರುಗಿ, ಸುಮಾರು 10 ಕಿ.ಮೀ. ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಉಳಿದ ಹೊಳೆಗಳ ಜೊತೆ ಸಮುದ್ರ ಸೇರುತ್ತದೆ. ಈ ಸುತ್ತುದಾರಿಯಿಂದಾಗಿ ಭರತದ ಉಪ್ಪುನೀರು ಒಳನಾಡಿನವರೆಗೂ ಏರಿ ಬರುತ್ತದೆ. ಮಳೆಗಾಲದಲ್ಲಿ ಇದೇ ಹೊಳೆ ಕೆಂಪಾಗಿ ಉಕ್ಕಿ ನಾವುಂದದ ಸಾಲ್ಬುಡದ ಗದ್ದೆ, ಮನೆಯಂಗಳಗಳಿಗೆ ನುಗ್ಗುವುದೂ ಉಂಟು. ಸಿಹಿನೀರು, ಉಪ್ಪುನೀರು, ಎರಡರ ನಡುವಿನ ಚೌಳುನೀರು ಮೂರನ್ನೂ ಒಂದೇ ವರ್ಷದಲ್ಲಿ ಕಾಣುವ ಈ ಹೊಳೆಯಲ್ಲಿ ಮೀನಿನ ಬಗೆಗಳಿಗೆ ಕೊರತೆಯಿಲ್ಲ.

ಗಾಳದ ಮೀನುಗಾರಿಕೆ ಎಂದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಮೊದಲು ಬರುವ ಹೆಸರು ಸಾಲ್ಮನ್. ತಂಪು ದೇಶಗಳ ಈ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ನೀರಿನ ವಾಸನೆ ಹಿಡಿದು ಮರಳುತ್ತದೆ. ವಿಚಿತ್ರವೆಂದರೆ, ಹೊಳೆಯೇರುವಾಗ ಅದು ಊಟವನ್ನೇ ಬಿಟ್ಟಿರುತ್ತದೆ. ಹಸಿವಿಲ್ಲದ ಮೀನನ್ನು ಕೆಣಕಿ ಕಚ್ಚಿಸುವುದಕ್ಕಾಗಿ ಅಲ್ಲಿಯವರು ಬಣ್ಣದ ಗರಿಗಳ ನೊಣ, ಹೊಳೆಯುವ ಲೋಹದ ಚಮಚ, ಸಾಲ್ಮನ್ನಿನದೇ ಮೊಟ್ಟೆಯ ಉಂಡೆ ಹೀಗೆ ನೂರೆಂಟು ಉಪಾಯ ಹೂಡುತ್ತಾರೆ. ನಮ್ಮ ಪೇಟೆಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಮಾರುವ ರಾವಸ್ ಆ ಕುಲದ್ದಲ್ಲ. ಎದೆಯ ರೆಕ್ಕೆಯ ಕೆಳಗೆ ನಾಲ್ಕು ಬಿಡಿ ಎಳೆಗಳಿರುವ, ಬೆಚ್ಚಗಿನ ಕಡಲ ಮೀನು ಅದು. ಹೆಸರು ಒಂದಾದ ಮಾತ್ರಕ್ಕೆ ಅಲ್ಲಿಯ ಗಾಳ, ಅಲ್ಲಿಯ ಎರೆ ಇಲ್ಲಿ ನಡೆಯದು.

ಹಾಗಾದರೆ ಇಲ್ಲಿ ನಡೆಯುವುದು ಯಾವುದು? ಹೊಳೆಯಲ್ಲೇ ಕೂದಲು ನರೆಸಿಕೊಂಡ ಹಿರಿಯರೊಬ್ಬರನ್ನು ಕೇಳಿದೆ. ಅವರ ಉತ್ತರ ಇಷ್ಟೇ: "ಹ್ವಾಯ್ ಮಾಷ್ಟ್ರೆ, ಮೊದ್ಲ್ ನೀರ್ ಕಾಣ್ಕ್, ಕಡಿಗೆ ಗಾಳ ಕಟ್ಕ್."

ಈ ಮಾತಿನಲ್ಲಿ ಭೌತವಿಜ್ಞಾನದ ಒಂದು ಅಧ್ಯಾಯವೇ ಇದೆ. ಒಂದು ಲೀಟರ್ ಸಿಹಿನೀರು ಸುಮಾರು ಒಂದು ಕಿಲೋ ತೂಗಿದರೆ, ಸಮುದ್ರದ ನೀರು ಅದಕ್ಕಿಂತ ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. ಆದ್ದರಿಂದ ಭರತದ ನೀರು ಹೊಳೆಯ ತಳದಲ್ಲಿ ನುಸುಳಿ ಬರುತ್ತದೆ, ಸಿಹಿನೀರು ಮೇಲೆ ತೇಲುತ್ತದೆ. ಮೇಲಿನ ನೀರು ಬಾಯಿಗೆ ಸಪ್ಪೆಯೆನಿಸುವಾಗಲೂ ತಳದಲ್ಲಿ ಕಡಲಿನ ಮೀನು ಓಡಾಡುತ್ತಿರಬಹುದು. ಎರೆ ತೇಲಬೇಕೋ ಮುಳುಗಬೇಕೋ ಎಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ. ತೇಲಿಸುವುದಾದರೆ ಬೆಂಡು, ಮುಳುಗಿಸುವುದಾದರೆ ಸೀಸದ ಗುಂಡು.

ಎರಡನೆಯದು ನೀರಿನ ಬಣ್ಣ. ಮಳೆಗಾಲದ ಕದಡಿದ ನೀರಿನಲ್ಲಿ ಕಣ್ಣಿಗಿಂತ ಮೂಗು ಮುಖ್ಯ. ಆಗ ಎಣ್ಣೆ ಜಿನುಗುವ ಬೈಗೆಯ ತುಂಡು ಒಳ್ಳೆಯ ಎರೆ. ದೀಪಾವಳಿಯ ನಂತರ ನೀರು ತಿಳಿಯಾದಾಗ ಮೀನು ಕಂಡು ತಿನ್ನುತ್ತದೆ, ನೂಲನ್ನೂ ಕಾಣುತ್ತದೆ. ಆಗ ಜೀವಂತ ಚಟ್ಲಿ ಬೇಕು, ತಂಗೂಸು ಸಪೂರ ಇರಬೇಕು.

ಮೂರನೆಯದು ಮೀನಿನ ಬಾಯಿ. ಕಾನೆಯನ್ನು ನೋಡಿ. ಮರಳು ತಳದಲ್ಲಿ ಹುಳು ಹುಡುಕುವ ಇದರ ಬಾಯಿ ಚಿಕ್ಕದು, ಮೊನಚು. ಗದರಿದರೆ ಮರಳಿನೊಳಗೇ ಹುದುಗುತ್ತದೆ. ಇದಕ್ಕೆ 8 ಅಥವಾ 10ನೇ ನಂಬರಿನ ಗಾಳ ಸಾಕು. ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದೆಂಬುದನ್ನು ಮಕ್ಕಳು ನೆನಪಿಡಬೇಕು. 10ಕ್ಕಿಂತ 6 ದೊಡ್ಡದು, 1 ಇನ್ನೂ ದೊಡ್ಡದು. ಅಲ್ಲಿಂದಾಚೆ 1/0, 2/0, 3/0 ಎಂದು ಲೆಕ್ಕ ತಿರುಗಿ ಏರುತ್ತದೆ. ಕಾನೆಗೆ ಕಟ್ಟುವ ಗುಂಡಿನ ನಡುವೆ ತೂತಿದ್ದು, ನೂಲು ಅದರಲ್ಲಿ ಸಲೀಸಾಗಿ ಜಾರಬೇಕು. ಆಗ ಎರೆ ಎಳೆದ ಮೀನಿಗೆ ಗುಂಡಿನ ಭಾರ ತಿಳಿಯುವುದಿಲ್ಲ.

ಕುರುಡಿಯ, ಅಂದರೆ ಸೀಬಾಸ್ ಮೀನಿನ ಕಥೆ ಬೇರೆ. ಅಗಲ ಬಾಯಿಯ ಈ ಬೇಟೆಗಾರ ಸೇತುವೆಯ ಕಂಬ, ಕಾಂಡ್ಲಾ ಗಿಡಗಳ ಬೇರಿನ ಮರೆಯಲ್ಲಿ ಹೊಂಚು ಹಾಕುತ್ತದೆ. ಇದಕ್ಕೆ 3/0ರ ಆಸುಪಾಸಿನ ಗಾಳ, ಬೆಂಡಿನ ಕೆಳಗೆ ಈಜುವ ಜೀವಂತ ಚಟ್ಲಿ ಅಥವಾ ಸಣ್ಣ ಮೀನು. ಚಟ್ಲಿಯ ತಲೆಯಲ್ಲಿ ಕಪ್ಪಗೆ ಕಾಣುವ ಭಾಗಕ್ಕೆ ಮುಳ್ಳು ತಾಗದಂತೆ ಚುಚ್ಚಿದರೆ ಅದು ಬಹಳ ಹೊತ್ತು ಬದುಕಿರುತ್ತದೆ. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತವಾದ್ದರಿಂದ ಗಾಳದ ಹತ್ತಿರದ ಒಂದೆರಡು ಅಡಿ ನೂಲು ದಪ್ಪವಿರಬೇಕು. ಕೆಂಬೇರಿಗೂ ದಪ್ಪ ನೂಲೇ ಬೇಕು, ಆದರೆ ಕಾರಣ ಬೇರೆ. ಕಚ್ಚಿದ ಮರುಕ್ಷಣ ಅದು ಕಲ್ಲಿನ ಸಂದಿಗೆ ನುಗ್ಗುತ್ತದೆ. ಪಾಚಿ ಮೇಯುವ ಇರ್ಪೆಗೆ ಸಣ್ಣ ಗಾಳ, ಹಿಟ್ಟಿನ ಉಂಡೆ ಸಾಕು. ಇನ್ನು ರಾವಸ್, ಅಲೆ ಮರಳನ್ನು ಕದಡುವ ಆಳವಿಲ್ಲದ ಜಾಗದಲ್ಲಿ ಆ ನಾಲ್ಕು ಎಳೆಗಳಿಂದ ತಡವುತ್ತ ಚಟ್ಲಿ ಹುಡುಕುತ್ತದೆ. ಅದಕ್ಕೆ ಎರೆ ತಳದ ಸಮೀಪವೇ ಇರಬೇಕು.

ಒಂದು ವಿಷಯ ಗಮನಿಸಿ. ಈ ಎರೆಗಳಲ್ಲಿ ಹೆಚ್ಚಿನವು ಇದೇ ಹೊಳೆ, ಇದೇ ಕಡಲಿನವು. ನಾವು 'ಎರೆಹುಳು' ಎನ್ನುವಾಗಲೂ 'ಎರೆ' ಎಂದರೆ ಗಾಳದ ತಿನಿಸೇ. ಮೀನಿನ ದಿನದ ಊಟ ಯಾವುದೆಂದು ತಿಳಿದವನಿಗೆ ಎರೆಯ ಅಂಗಡಿ ಬೇಕಿಲ್ಲ.

"ಪುಸ್ತಕ ಬಿಟ್ಟ್ ಗಾಳ ಹಿಡ್ಕಂಡ್ ಹೊಳಿಗ್ ಹೋತ, ಮಾಷ್ಟ್ರೆ" ಎಂದು ಮಗನ ಮೇಲೆ ದೂರು ತಂದ ತಂದೆಯೊಬ್ಬರಿಗೆ ನಾನು ಹೇಳಿದ್ದು ಇದನ್ನೇ. ಹುಡುಗನಿಗೆ ಒಂದು ನೋಟುಬುಕ್ಕು ಕೊಡಿಸಿ. ಭರತ ಎಷ್ಟು ಹೊತ್ತಿಗೆ, ನೀರಿನ ಬಣ್ಣ ಏನು, ಯಾವ ಎರೆ, ಯಾವ ಮೀನು, ಎಷ್ಟು ಉದ್ದ ಎಂದು ಬರೆಯಲಿ. ತಿಂಗಳು ಕಳೆಯುವಷ್ಟರಲ್ಲಿ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದನ್ನೂ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರುವುದನ್ನೂ ಅವನು ತಾನೇ ಕಂಡುಕೊಂಡಿದ್ದ. ಚಂದ್ರನ ಆಕರ್ಷಣೆಯ ಪಾಠ ತರಗತಿಯಲ್ಲಿ ಬಂದಾಗ ಉಳಿದವರಿಗೆ ಅವನೇ ವಿವರಿಸಿದ. ತಂದೆ ಗಾಳವನ್ನು ನಿಲ್ಲಿಸಲಿಲ್ಲ. ಭಾನುವಾರ ತಾವೂ ಜೊತೆಗೆ ಹೋಗತೊಡಗಿದರು.

ಆ ನೋಟುಬುಕ್ಕಿನಲ್ಲಿ 'ಎಷ್ಟು ಉದ್ದ' ಎಂಬ ಸಾಲಿಗೆ ಕಾರಣವಿದೆ. ಕುರುಡಿ ಹುಟ್ಟುವಾಗ ಹೆಣ್ಣಲ್ಲ. ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ರಾವಸ್ ಕೂಡ ಹಾಗೆಯೇ. ಅಂದರೆ ತೀರಾ ಸಣ್ಣದನ್ನು ಹಿಡಿದರೆ ಅದು ಒಮ್ಮೆಯೂ ಸಂತಾನ ಬಿಟ್ಟಿರುವುದಿಲ್ಲ, ತೀರಾ ದೊಡ್ಡವನ್ನೆಲ್ಲ ಹಿಡಿದರೆ ಹೊಳೆಯಲ್ಲಿ ತಾಯಂದಿರೇ ಉಳಿಯುವುದಿಲ್ಲ. ಸಾಲ್ಮನ್ನಿಗೆ ತದ್ವಿರುದ್ಧವಾಗಿ ಕುರುಡಿ ಮೊಟ್ಟೆಯಿಡಲು ಅಳಿವೆಯ ಕಡೆಗೆ ಇಳಿಯುತ್ತದೆ, ಮರಿಗಳು ಹೊಳೆಯೇರಿ ಬರುತ್ತವೆ. ಇರ್ಪೆಯ ಗಂಡುಹೆಣ್ಣು ಎರಡೂ ಸೇರಿ ಮರಿಗಳನ್ನು ಕಾಯುತ್ತವೆ. ಮೀಸೆಯ ತೇಡೆಯ ಗಂಡಂತೂ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಮರಿಯಾಗುವವರೆಗೆ ಉಪವಾಸವಿರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದೂ ಮೀನಿನ ಸಂತಾನಕ್ಕೆ ಬಿಡುವು ಸಿಗಲೆಂದೇ.

ಬಲೆಗೆ ಆಯ್ಕೆ ಕಡಿಮೆ, ಗಾಳಕ್ಕೆ ಹೆಚ್ಚು. ಗಾಳದ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿ, ಕೈಯನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದರೆ ಮರಿ ಪೆಟ್ಟಾಗದೆ ಹೊಳೆಗೆ ಮರಳುತ್ತದೆ. ಒಣಗಿದ ಕೈ ಅದರ ಮೈಯ ಲೋಳೆಯನ್ನು ಕಿತ್ತು ರೋಗಕ್ಕೆ ದಾರಿ ಮಾಡುತ್ತದೆ. ತುಂಡಾದ ತಂಗೂಸನ್ನು ದಂಡೆಯಲ್ಲಿ ಬಿಟ್ಟು ಬರಬೇಡಿ. ಅದು ಕೊಳೆಯುವುದಿಲ್ಲ, ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಉರುಳಾಗುತ್ತದೆ.

ಹೆತ್ತವರಿಗೆ ಕೆಲವು ಮಾತು. ಕಡಲ ಬದಿಯ ತಡೆಗಲ್ಲುಗಳ ಮೇಲೆ ನಿಂತು ಗಾಳ ಹಾಕಲು ಮಕ್ಕಳನ್ನು ಬಿಡಬೇಡಿ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ದಂಡೆಯೂ ಬೇಡ. ಇತರ ದಿನಗಳಲ್ಲೂ ಈಜು ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ತೇಡೆಯ ಮುಳ್ಳು ಚುಚ್ಚಿದರೆ ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಮುಳುಗಿಸಿಟ್ಟರೆ ನೋವು ತಗ್ಗುತ್ತದೆ. ಆದರೂ ವೈದ್ಯರಿಗೆ ತೋರಿಸಲೇಬೇಕು.

ನಾವುಂದ ಈಗ ಬೈಂದೂರು ತಾಲೂಕಿಗೆ ಸೇರಿದೆ. ಕುಂದಾಪುರದಿಂದ ಸುಮಾರು 20 ಕಿ.ಮೀ., ಬೈಂದೂರಿನ ಬಸ್ಸುಗಳೆಲ್ಲ ಇದೇ ದಾರಿಯಲ್ಲಿ ಹೋಗುತ್ತವೆ. ನವೆಂಬರಿನಿಂದ ಮಾರ್ಚಿಯವರೆಗೆ ನೀರು ತಿಳಿಯಾಗಿರುತ್ತದೆ. ಭರತ ಏರುವ ಹೊತ್ತು ಕೇಳಿ ತಿಳಿದುಕೊಂಡು, ಅದಕ್ಕೆ ಒಂದು ಗಂಟೆ ಮೊದಲೇ ದಂಡೆ ಸೇರಿ. ಆ ಒಂದು ಗಂಟೆ ಗಾಳವನ್ನು ಚೀಲದಲ್ಲೇ ಇಟ್ಟು ಮಕ್ಕಳೊಂದಿಗೆ ಸುಮ್ಮನೆ ನೀರು ನೋಡಿ. ಯಾವ ಎರೆ ಬೇಕೆಂದು ಹೊಳೆಯೇ ಹೇಳುತ್ತದೆ.