ಅಜ್ಜಿ ಬಾಯಿ ಮುಚ್ಚಿಕೊಂಡ ಜಾಗ

ಮಂಗಳೂರು, ಭಾನುವಾರ ಮಧ್ಯಾಹ್ನ

ಪುಟ್ಟೀ,

ನಿನ್ನ ಪ್ರಶ್ನಾವಳಿ ಓದಿದೆ. 22 ಪ್ರಶ್ನೆ! ಸ್ತ್ರೀ ಸಮಾಜದ ಹೆಂಗಸರು ಮೂರನೆಯದಕ್ಕೇ "ಅದೆಲ್ಲ ಪಾದ್ರಿಗಳ ಹತ್ರ ಕೇಳು ಮಗಾ" ಅಂತ ಎದ್ದು ಹೋಗುತ್ತಾರೆ, ನೋಡು ಬೇಕಾದರೆ. ನನಗೂ ಹಾಗೇ ಆಗಿತ್ತು.

ನನ್ನ ಪ್ರಬಂಧ ಬರೆಯುತ್ತಿದ್ದಾಗ ತಲೆಯ ತುಂಬ ವ್ಯಾಲೆರಿ ಸೇವಿಂಗ್ ಅವರ 1960ರ ಲೇಖನ. ನೀಬೂರ್‌ರಂಥ ದೈವಶಾಸ್ತ್ರಿಗಳು ಅಹಂಕಾರವೇ ಪಾಪದ ಬೇರು ಅನ್ನುತ್ತಾರಲ್ಲ, ಅದು ಗಂಡಸರ ಅನುಭವ. ಹೆಂಗಸಿನ ಕೇಡು ಬೇರೆ, ಎಲ್ಲರಿಗೂ ಹಂಚಿ ಹಂಚಿ ತಾನೇ ಇಲ್ಲವಾಗುವುದು ಅಂತ ಆಕೆಯ ವಾದ. ಓದುತ್ತಿದ್ದ ಹಾಗೆ ಕಣ್ಣೆದುರು ಬಂದದ್ದು ನಿನ್ನ ಅಜ್ಜಿ. ಎಲ್ಲರದೂ ಆದ ಮೇಲೆ ತಳದ ಗಂಜಿ ಉಣ್ಣುವವಳು. ಸಿಕ್ಕಿತು ಉದಾಹರಣೆ ಎಂದು ರೆಕಾರ್ಡರ್ ಹಿಡಿದು ಕೂತೆ.

ಒಂದು ಗಂಟೆ ಏನೂ ಹೊರಡಲಿಲ್ಲ. ರೆಕಾರ್ಡರ್ ಆರಿಸಿ, ಇಬ್ಬರೂ ಬಂಗುಡೆ ಕೊಯ್ಯಲು ಕೂತಾಗ ತಾನಾಗಿ ಹೇಳಿದಳು. ಹಂಚಿನ ಕಾರ್ಖಾನೆಯಲ್ಲಿ ಅವಳಷ್ಟು ಹಂಚು ಹೊರುವವರು ಯಾರೂ ಇರಲಿಲ್ಲವಂತೆ. "ನನಗೆ ಭಾರೀ ಅಹಂಕಾರ ಇತ್ತು. ಈಗಲೂ ಉಂಟು. ಪಾಪದ ಅರಿಕೆಯಲ್ಲಿ ಆ ಮಾತು ಬರುವಾಗ ನಾನು ಬಾಯಿ ಮುಚ್ಚಿಕೊಳ್ತೇನೆ. ಅದಕ್ಕೆ ನನಗೆ ಬೇಜಾರೇ ಇಲ್ಲ, ದೇವರ ಹತ್ರ ಸುಳ್ಳು ಯಾಕೆ ಹೇಳ್ಬೇಕು?"

ಸೇವಿಂಗ್ ಕಂಡ ಹೆಂಗಸು ಬಿಳಿಯ ಮಧ್ಯಮವರ್ಗದವಳು ಎಂದು ನಂತರದವರು ಆಕ್ಷೇಪಿಸಿದ್ದು ನನಗೆ ಅರ್ಥವಾದದ್ದು ಆ ಮೀನಿನ ಮಣೆಯ ಮುಂದೆ. ಹವಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆದಾ ಮರೀಯಾ ಇಸಾಸಿ-ದಿಯಾಸ್ ಇದನ್ನೇ ಹಿಡಿದವರು. ಬಡ ಲ್ಯಾಟಿನಾ ಹೆಂಗಸರ ಜೊತೆ ಕೂತು ಮಾತಾಡಿ, ಅವರ ದಿನದಿನದ ಬದುಕನ್ನೇ ದೈವಶಾಸ್ತ್ರದ ಮೂಲ ಎಂದರು. ಅವರ 1993ರ 'ಎನ್ ಲಾ ಲೂಚಾ' ಮೊದಲು ಓದು, ಪ್ರಶ್ನೆ ಆಮೇಲೆ ಬರೆ.

ನನ್ನ ದಡ್ಡತನ ಅಲ್ಲಿಗೆ ನಿಲ್ಲಲಿಲ್ಲ. ಅಜ್ಜಿಯ ಮಾತನ್ನು "ಶ್ರಮದ ಘನತೆಯಲ್ಲಿ ದೈವಾನುಭವ" ಎಂದು ಬರೆದು ಅವಳಿಗೇ ಓದಿ ಹೇಳಿದೆ. "ಚಂದ ಉಂಟು. ಯಾರು ಹೇಳಿದ್ದು?" ಅಂದಳು. ಹೊಡೆದು ಹಾಕಿ, ಅವಳು ಆಡಿದ ಹಾಗೇ ಬರೆದುಕೊಂಡೆ. ಅಚ್ಚಿಗೆ ಕೊಡಲಾ ಅಂತ ಕೇಳಿದರೆ ಸ್ವಲ್ಪ ಹೊತ್ತು ಮಾತಿಲ್ಲ. "ನಾನು ಹೋದ ಮೇಲೆ. ಪಾದ್ರಿಗಳು ಬೇಸರ ಮಾಡ್ಕೊಂಡಾರು."

ಹಾಗಾಗಿ ಆ ಪುಟ ನನ್ನ ಪ್ರಬಂಧದಲ್ಲಿಲ್ಲ. ಅಜ್ಜಿ ಹೋಗಿ ಎರಡು ವರ್ಷವಾಯಿತಲ್ಲ, ಈಗ ನಿನಗೆ ಕೊಡುತ್ತೇನೆ. ಶನಿವಾರ ಬಾ. ಮೀನು ತರಿಸಿಡುತ್ತೇನೆ, ಕೊಯ್ಯಲು ಬರುತ್ತದಲ್ಲ?

ನಿನ್ನ
ದೊಡ್ಡಮ್ಮ