ಬಾಣಂತನಕ್ಕೆ ಹೊರಟವರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರ ಮನೆಗಳಿಂದ ಹಿರಿಯರು ಅಮೆರಿಕಕ್ಕೆ ಹೋಗುವುದು ಹೆಚ್ಚಾಗಿ ಮಗಳ ಅಥವಾ ಸೊಸೆಯ ಬಾಣಂತನಕ್ಕೆ. ಹೆರಿಗೆಯ ದಿನ ತೋಟದ ಕೆಲಸ ನೋಡಿಕೊಂಡು ಬರುವುದಿಲ್ಲ. ಮಳೆ ಹಿಡಿಯುವಾಗ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು. ಚಳಿ ಬಿದ್ದರೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದಕ್ಕೇ ಕೆಲವು ಮನೆಗಳಲ್ಲಿ ಆಯಿ ಮೊದಲು ಹೊರಡುತ್ತಾರೆ, ಅಪ್ಪಯ್ಯ ಕೊಯ್ಲು ಮುಗಿಸಿ ಹಿಂದಿನಿಂದ ಹೋಗುತ್ತಾರೆ. ಇಬ್ಬರೂ ಒಟ್ಟಿಗೇ ಹೋಗುವುದಾದರೆ ತೋಟ ನೋಡಿಕೊಳ್ಳುವವರನ್ನು ಗೊತ್ತುಮಾಡಿದ ಮೇಲೆಯೇ ಟಿಕೆಟ್ಟಿನ ಮಾತು.

ಪಾಸ್‌ಪೋರ್ಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಕೊಟ್ಟ ದಿನ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿಬರಬಹುದು. ತೊಡಕು ಇರುವುದು ಹೆಸರಿನಲ್ಲಿ. ಪಹಣಿಯಲ್ಲಿ ಅಪ್ಪನ ಹೆಸರೂ ಸೇರಿ ಉದ್ದಕ್ಕಿರುವುದು ಆಧಾರಿನಲ್ಲಿ ಇನಿಶಿಯಲ್ಲಿಗೆ ಇಳಿದಿರುತ್ತದೆ. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿಯಿದ್ದ ಮನೆಗಳಲ್ಲಿ ಶಾಲೆಯ ದಾಖಲೆಯವರು ಒಬ್ಬರು, ರೇಷನ್ ಕಾರ್ಡಿನವರು ಇನ್ನೊಬ್ಬರು. ಅರ್ಜಿಗೆ ಮುಂಚೆಯೇ ಆಧಾರ್, ಪ್ಯಾನ್ ಎರಡನ್ನೂ ಸರಿಹೊಂದಿಸಿಕೊಳ್ಳುವುದು ಜಾಣತನ.

ಬೇಕಾದದ್ದು ಬಿ-2 ಸಂದರ್ಶಕ ವೀಸಾ. ಡಿಎಸ್-160 ಅರ್ಜಿಯನ್ನು ಮಕ್ಕಳು ಅಲ್ಲಿಂದಲೇ ತುಂಬಿಕೊಡುವುದುಂಟು. ಬೆರಳಚ್ಚು, ಸಂದರ್ಶನಕ್ಕೆ ಮಾತ್ರ ಚೆನ್ನೈ, ಹೈದರಾಬಾದ್ ಅಥವಾ ಮುಂಬಯಿಗೆ ತಾವೇ ಹೋಗಬೇಕು. ಹೋದವರು ತಿರುಗಿ ಬರುತ್ತಾರೆಯೇ ಎಂಬುದು ಅಧಿಕಾರಿಯ ಮುಖ್ಯ ಅನುಮಾನ. ಅದಕ್ಕೆ ಅಡಿಕೆ ತೋಟದಷ್ಟು ಗಟ್ಟಿ ಉತ್ತರ ಬೇರೆಯಿಲ್ಲ. ಪಹಣಿ, ಮತ್ತು 1923ರಲ್ಲಿ ಸ್ಥಾಪನೆಯಾದ ಶಿರಸಿಯ ಟಿಎಸ್‌ಎಸ್‌ನಂಥ ಬೆಳೆಗಾರರ ಸಹಕಾರಿ ಸಂಘದಲ್ಲಿ ಅಡಿಕೆ ಹಾಕಿದ ಲೆಕ್ಕ ಕೈಯಲ್ಲಿರಲಿ. ಕಾಗದ ಕೇಳದೆಯೂ ಇರಬಹುದು. ಕೇಳಿದ್ದಕ್ಕೆ ಚುಟುಕಾಗಿ, ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು.

ಬ್ಯಾಗು ತುಂಬುವಾಗ ಮನೆಯಲ್ಲಿ ವಾದ ಏಳುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಚೆಕ್-ಇನ್ ಬ್ಯಾಗಿಗೇ ಸೇರಬೇಕು. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಡಬ್ಬಿಯನ್ನು ಅಂತರರಾಷ್ಟ್ರೀಯ ವಿಮಾನಕ್ಕೆ ಬಿಡುವುದಿಲ್ಲ. ಹಲಸಿನ ಹಪ್ಪಳ, ತೊಡದೇವು ಭಾರವಲ್ಲ, ಮುರಿಯದಂತೆ ಕಟ್ಟಿದರಾಯಿತು. ಹಸಿ ಕರಿಬೇವು ಬೇಡವೇ ಬೇಡ: ನಿಂಬೆ, ಕಿತ್ತಳೆ ಜಾತಿಯ ರೋಗವನ್ನು ತರುವ ಕೀಟ ಅದರ ಮೇಲೂ ಬದುಕುವುದರಿಂದ ಅಮೆರಿಕ ಅದನ್ನು ತಡೆಯುತ್ತದೆ. ಹಿತ್ತಲ ಬಸಳೆಯ ಬಳ್ಳಿ, ಬಿತ್ತುವ ಬೀಜ, ಮಾವಿನ ಹಣ್ಣಿನ ಆಸೆಯನ್ನೂ ಬಿಡಬೇಕು. ತಿನ್ನುವ ವಸ್ತು ಏನಿದ್ದರೂ ಕಸ್ಟಮ್ಸಿನವರಿಗೆ ಹೇಳಿಬಿಡುವುದು ಕ್ಷೇಮ. ಹೇಳಿದ ವಸ್ತು ನಿಷಿದ್ಧವಾಗಿದ್ದರೆ ಅದಷ್ಟೇ ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ದಾರಿಯಲ್ಲಿ ದುಬೈನಲ್ಲಿ ಇಳಿಯುವವರಿಗೆ ಕವಳದ ಸಂಚಿಯದು ಬೇರೆಯೇ ಕಥೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆಯೆಂಬುದು ದುಬೈನ ಕಸ್ಟಮ್ಸಿನಲ್ಲಿ ನಡೆಯುವ ಮಾತಲ್ಲ. ಅಲ್ಲಿ ಕವಳವೂ ವೀಳ್ಯದೆಲೆಯೂ ನಿಷಿದ್ಧ, ಗಸಗಸೆಯೂ ಹಾಗೆಯೇ. ಮಗ ದುಬೈನಲ್ಲಿದ್ದಾನೆಂದು ದಾರಿಯಲ್ಲಿ ಇಳಿದು ಹೋಗುವವರು ಇದನ್ನು ಮರೆಯಬಾರದು.

ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಸಿದ್ದಾಪುರದವರಿಗೆ ತಾಳಗುಪ್ಪದ ರೈಲೂ ಹತ್ತಿರ. ದೇವನಹಳ್ಳಿಯ ನಿಲ್ದಾಣದಲ್ಲಿ 2023ರ ಸೆಪ್ಟೆಂಬರಿನಿಂದ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿನಿಂದ. ಇಂಗ್ಲಿಷ್ ಬಾರದವರು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಕೊಳ್ಳುತ್ತಾರೆ. ಬೆಟ್ಟ ಹತ್ತಿ ಸೊಪ್ಪು ತರುವ ಕಾಲುಗಳಿಗೆ ಅದು ಬೇಡ ನಿಜ, ಆದರೆ ನಡುವಿನ ನಿಲ್ದಾಣದಲ್ಲಿ ದಾರಿ ತೋರಿಸುವವರು ಬೇಕು.

ಗುಳಿಗೆಗಳನ್ನು ವೈದ್ಯರ ಚೀಟಿಯೊಂದಿಗೆ ಮೂಲ ಪಟ್ಟಿಯಲ್ಲೇ ಒಯ್ಯಬೇಕು. ವಿಮೆ ಮಾಡಿಸುವಾಗ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಬೇಕು. ಅಲ್ಲಿನ ಆಸ್ಪತ್ರೆಯ ಬಿಲ್ಲು ಒಂದು ವರ್ಷದ ಅಡಿಕೆಯನ್ನು ನುಂಗಬಲ್ಲದು. ಊರಿನ ಮಿಕ್ಸರ್ ಒಯ್ದು ಪ್ರಯೋಜನವಿಲ್ಲ, ಅಲ್ಲಿ ಕರೆಂಟು 120 ವೋಲ್ಟ್.

ವೀಸಾ ಹತ್ತು ವರ್ಷದ್ದಿದ್ದರೂ ಅಷ್ಟು ಕಾಲ ಇರಬಹುದೆಂದಲ್ಲ. ಇಳಿದಾಗ ದಾಖಲಾಗುವ ಐ-94ರಲ್ಲಿನ ತಾರೀಖೇ ಅಂತಿಮ, ಸಾಮಾನ್ಯವಾಗಿ ಆರು ತಿಂಗಳು. ಇನ್ನೂ ಉಳಿಯಬೇಕಾದರೆ ಆ ತಾರೀಖಿನೊಳಗೆ ಐ-539 ಅರ್ಜಿ ಹಾಕಬೇಕು.