ಕೆಂಪು ಹನಿಯ ಜಾಡು

ನಮ್ಮ ಮನೆಗೆ ಕ್ಲಚ್ ಇಲ್ಲದ ಕಾರು ಬಂದದ್ದು ಶೋಕಿಗಾಗಿ ಅಲ್ಲ. ನಮ್ಮವರಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲಿನಲ್ಲಿ ಬಲವಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲಿ ಎಡಗಾಲಿಗೆ ಕೆಲಸವೇ ಇರುವುದಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ಆದ್ದರಿಂದ ಬಹಳ ವರ್ಷ ಓಡಿದ ಹಳೆಯ ಗಾಡಿಯೊಂದನ್ನು ಕೂಡಿಟ್ಟ ಹಣದಿಂದ ಕೊಂಡೆವು. ಅತ್ತೆಯವರ ಚಿಕಿತ್ಸೆ ಕೊಪ್ಪಳದಲ್ಲಿ. ವಾರಕ್ಕೆರಡು ಸಲ ಗಂಗಾವತಿಯಿಂದ ಕರೆದುಕೊಂಡು ಹೋಗಿ, ಸುಸ್ತಾದ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆತರಬೇಕು. ಬಸ್ಸಿನಲ್ಲಿ ಅದು ಆಗದ ಮಾತು.

ಕಳೆದ ಬೇಸಿಗೆಯಲ್ಲಿ ಅಂಗಳದ ಬಂಡೆಗಲ್ಲಿನ ಮೇಲೆ ಕೆಂಪು ಹನಿಗಳು ಕಾಣತೊಡಗಿದವು. ಕೆಲವು ದಿನಗಳಲ್ಲಿ ಗೇರು ಹಾಕಿದರೂ ಗಾಡಿ ಒಂದು ಕ್ಷಣ ತಡೆದು, ಆಮೇಲೆ ಜಗ್ಗಿ ಮುಂದೆ ಹೋಗುತ್ತಿತ್ತು. ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಕೆಳಗೆ ಬಗ್ಗಿ ನೋಡಿದವರು, "ಒಳಗಿನ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ನಲವತ್ತು ಸಾವಿರ ಆಗಬಹುದು" ಎಂದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ನನ್ನ ಕೈಬಳೆಗಳನ್ನು ಬಿಟ್ಟರೆ ಅಷ್ಟು ಹಣಕ್ಕೆ ಬೇರೆ ದಾರಿ ಇರಲಿಲ್ಲ.

ಸಂಬಂಧಿಕರೊಬ್ಬರು ಉಪಾಯ ಹೇಳಿದರು: "ಎಣ್ಣೆ ತುಂಬಿಸಿ, ಕೆಳಗೆ ತೊಳೆದು, ಯಾರಿಗಾದರೂ ಮಾರಿಬಿಡಿ." ನಮ್ಮವರು ಒಪ್ಪಲಿಲ್ಲ. "ಯಲಬುರ್ಗಾದಲ್ಲಿ ನಮ್ಮ ಅಬ್ಬಾ ಜೋಳದ ವ್ಯಾಪಾರ ಮಾಡಿದವರು. ಮೇಲೆ ಒಣ ಜೋಳ, ಕೆಳಗೆ ನೆನೆದ ಜೋಳ ತುಂಬಿದ ಚೀಲವನ್ನು ಯಾರಿಗೂ ಕೊಟ್ಟವರಲ್ಲ" ಎಂದರು. ಮಾತು ಅಲ್ಲಿಗೇ ಮುಗಿಯಿತು.

ಕುಷ್ಟಗಿಯಲ್ಲಿ ನನ್ನ ಮಾಮು ಇದ್ದಾರೆ. ಹೆದ್ದಾರಿ ಬದಿಯಲ್ಲಿ ಲಾರಿ, ಕಾರು ರಿಪೇರಿ ಮಾಡುತ್ತಲೇ ಗಡ್ಡ ಬೆಳ್ಳಗಾದವರು. ಫೋನಿನಲ್ಲಿ ಎಲ್ಲ ಕೇಳಿ, "ಬೇಟಿ, ಗಾಡಿಯನ್ನು ಇಲ್ಲಿಗೆ ತರಬೇಡಿ, ಓಡಿಸಿದಷ್ಟೂ ಒಳಗೆ ಸುಡುತ್ತದೆ. ಭಾನುವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ರಾತ್ರಿ ಗಾಡಿಯ ಕೆಳಗೆ ಬಿಳಿ ರಟ್ಟು ಹಾಸಿಡು" ಎಂದರು.

ಈ ಎಣ್ಣೆಯ ಕೆಲಸವನ್ನು ಅವರು ತಿಳಿಸಿದ ರೀತಿ ನನಗೆ ಇಂದಿಗೂ ನೆನಪಿದೆ. ಸಾಮಾನ್ಯ ಕಾರಿನ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹಲ್ಲುಚಕ್ರ ಸವೆಯದಂತೆ ಕಾಯುತ್ತದೆ. ಇಂಥ ಆಟೋಮ್ಯಾಟಿಕ್‌ನಲ್ಲಾದರೋ ಇಂಜಿನ್ನಿನ ಶಕ್ತಿಯನ್ನು ಮುಂದಕ್ಕೆ ದಾಟಿಸುವುದೂ, ಒತ್ತಡದಿಂದ ಒಳಗಿನ ಕ್ಲಚ್ ಬಿಲ್ಲೆಗಳನ್ನು ಹಿಡಿಯುವುದೂ, ಶಾಖವನ್ನು ಹೊರಗೆ ಸಾಗಿಸುವುದೂ ಎಣ್ಣೆಯೇ. ಅದು ಕಡಿಮೆಯಾದರೆ ಬಿಲ್ಲೆಗಳು ಜಾರಿ ಸುಡುತ್ತವೆ. ಆಗ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶಕ್ಕೆ ಬಂದ ಎಎಂಟಿ ಬೇರೆ ಬಗೆಯದು. ಅದರಲ್ಲಿರುವುದು ಸಾಮಾನ್ಯ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ. ಆದ್ದರಿಂದ ಮನೆಯಲ್ಲಿರುವುದು ಯಾವ ಬಗೆ ಎಂದು ಮೊದಲು ತಿಳಿದಿರಬೇಕು.

ಮಾಮು ಬಂದವರೇ ರಟ್ಟು ಕೇಳಿದರು. ಕಪ್ಪು, ಕಂದು ಕಲೆಯಾದರೆ ಇಂಜಿನ್ ಆಯಿಲ್. ತಿಳಿನೀರಾದರೆ ಎ.ಸಿ.ಯದು, ಚಿಂತೆ ಬೇಡ. ಕೆಂಪಗೆ, ಬೆರಳಿಗೆ ಜಾರುವಂತಿದ್ದರೆ ಹೆಚ್ಚಾಗಿ ಗೇರಿನ ಎಣ್ಣೆ, ಹಳತಾದರೆ ಅದೂ ಕಂದಾಗುತ್ತದೆ. ಕೆಲವು ಗಾಡಿಗಳಲ್ಲಿ ಪವರ್ ಸ್ಟೀರಿಂಗ್ ಎಣ್ಣೆಯೂ ಕೆಂಪೇ. ರೇಡಿಯೇಟರ್ ನೀರು ಕೆಂಪಾಗಿದ್ದರೂ ಎಣ್ಣೆಯಷ್ಟು ಜಾರುವುದಿಲ್ಲ.

ನಮ್ಮ ರಟ್ಟಿನಲ್ಲಿ ಇಡೀ ರಾತ್ರಿಗೆ ಬಿದ್ದಿದ್ದು ಎರಡೇ ಹನಿ. ಮಾಮು ಗಾಡಿಯನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಇಟ್ಟರು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು ಎಂದು ಮಕ್ಕಳನ್ನು ದೂರ ಕಳಿಸಿದರು. ಎಣ್ಣೆಯ ಜಿಡ್ಡನ್ನೆಲ್ಲ ಒರೆಸಿ ಒಣಗಿಸಿದ ಮೇಲೆ, "ನಿನ್ನ ಪೌಡರ್ ಡಬ್ಬಿ ಕೊಡು" ಎಂದರು! ಗೇರ್‌ಬಾಕ್ಸಿನ ಸುತ್ತ ಟಾಲ್ಕಂ ಪೌಡರ್ ಉದುರಿಸಿ ಇಂಜಿನ್ ಶುರು ಮಾಡಿಸಿದರು. ನಾನು ದುಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಂಡು, ಫ್ಯಾನಿನಿಂದ ದೂರ ನಿಂತು ಟಾರ್ಚ್ ಹಿಡಿದೆ.

"ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಹೊರಡುವ ಜಾಗ ಬೇರೆ. ಗಾಳಿಗೆ ಅದು ಹಿಂದಕ್ಕೆ ಹರಿಯುತ್ತದೆ. ಒದ್ದೆಯಾದ ಅತ್ಯಂತ ಎತ್ತರದ ಜಾಗ ನೋಡು" ಎಂದರು. ಹತ್ತು ನಿಮಿಷದಲ್ಲಿ ಬಿಳಿ ಪೌಡರಿನ ಮೇಲೆ ಕೆಂಪು ಗೆರೆಯೊಂದು ಇಳಿಯಿತು. ಅದು ಹೊರಟದ್ದು ರೇಡಿಯೇಟರ್ ಕಡೆಗೆ ಹೋಗುವ ರಬ್ಬರ್ ಹೋಸಿನ ತುದಿಯಿಂದ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಸೀಲಿನ ಕಡೆ ಪೌಡರ್ ಒಣಗಿಯೇ ಇತ್ತು. ನಿಂತಾಗ ಎರಡೇ ಹನಿ, ಓಡುವಾಗ ಧಾರೆ ಏಕೆಂದು ಆಗ ತಿಳಿಯಿತು: ಇಂಜಿನ್ ತಿರುಗುವಾಗ ಮಾತ್ರ ಆ ಹೋಸಿನಲ್ಲಿ ಎಣ್ಣೆ ಒತ್ತಡದಿಂದ ಹರಿಯುತ್ತದೆ. ಶಾಖಕ್ಕೆ ರಬ್ಬರ್ ಬಿರುಸಾಗಿ ತುದಿ ಸೀಳಿತ್ತು.

ಎಣ್ಣೆ ತಡೆಯುವ ಹೊಸ ಹೋಸ್ ಹಾಕಿದರು. ನೀರಿನ ಹೋಸ್ ಹಾಕಿದರೆ ಬೇಗ ಮೆತ್ತಗಾಗುತ್ತದಂತೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತರಿಸಿ, ಸಮತಟ್ಟಾದ ನೆಲದಲ್ಲಿ, ಇಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಅಳೆದರು. ಇಂಜಿನ್ ಆಯಿಲ್‌ನಂತೆ ನಿಲ್ಲಿಸಿ ಅಳೆದರೆ ನಮ್ಮ ಗಾಡಿಯಲ್ಲಿ ಲೆಕ್ಕ ತಪ್ಪುತ್ತದೆ. ಅಳೆಯುವ ಕಡ್ಡಿಯೇ ಇಲ್ಲದ ಕಾರುಗಳೂ ಇವೆ, ಅವನ್ನು ಬಲ್ಲವರೇ ನೋಡಬೇಕು. ಹೆಚ್ಚು ತುಂಬಿದರೂ ಗಾಳಿ ಹೋಗುವ ರಂಧ್ರದಿಂದ ಎಣ್ಣೆ ಉಕ್ಕಿ ಸೋರಿಕೆಯಂತೆಯೇ ಕಾಣುತ್ತದೆ.

ಯಾವುದೋ ಒಂದು ಎಣ್ಣೆ ಸಾಲದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದನ್ನು ನಿಷೇಧಿಸಿದಾಗ, ಬಿಲ್ಲೆಗಳ ಹಿಡಿತಕ್ಕೆ ಹೊಂದುವ ಬೇರೆ ವಸ್ತುಗಳನ್ನು ಹುಡುಕಬೇಕಾಯಿತು. ಬೆರಕೆ ಬದಲಾದರೆ ಗೇರಿನ ನಡೆಯೂ ಬದಲಾಗುತ್ತದೆ.

ಒಟ್ಟು ಖರ್ಚು ಮೂರು ಸಾವಿರ ದಾಟಲಿಲ್ಲ. ಮಾಮು ಕೂಲಿ ಬೇಡವೆಂದರೂ ನಮ್ಮವರು ಬಿಡಲಿಲ್ಲ, ಬಲವಂತವಾಗಿ ಜೇಬಿಗೆ ಹಾಕಿದರು. ಒರೆಸಿ ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಮಾಮು ಜೊತೆಗೇ ಒಯ್ದರು.

ಸಹೋದರಿಯರೇ, ಸೀಲು ಹೋಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೋದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆದರೆ ಅಷ್ಟು ದೊಡ್ಡ ಮೊತ್ತದ ಮಾತು ಬಂದಾಗ, "ಒರೆಸಿ, ಓಡಿಸಿ, ಸೋರಿಕೆ ಎಲ್ಲಿಂದ ಶುರುವಾಗುತ್ತದೆ ತೋರಿಸಿ" ಎಂದು ಕೇಳುವ ಹಕ್ಕು ನಮಗಿದೆ. ಗೊತ್ತಿರುವ ಮಿಸ್ತ್ರಿ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಟಾರ್ಚನ್ನು ನಮ್ಮ ಕೈಗೇ ಕೊಡುತ್ತಾನೆ.